ಕ್ರೇನಿನವನ ಅಂಕಪಟ್ಟಿ

ಜೋಡುಪಾಲದ ಕ್ಯಾಂಟೀನಿನ ಟೀವಿಯಲ್ಲಿ
ಯಾವುದೋ ದೇಶದ ವೇದಿಕೆ. ಕಪ್ಪು ರೇಷ್ಮೆ ಸರಿಯಿತು,
ಒಳಗಿಂದ ಮದುಮಗಳ ಹಾಗೆ ಕಾರು.
ಇಡೀ ಜಗತ್ತಿಗೇ ಈ ವರ್ಷದ ಕಾರಂತೆ.
ಎಷ್ಟೋ ದೇಶದ ತೀರ್ಪುಗಾರರು
ಹಿಮದಲ್ಲಿ, ಮರಳಿನಲ್ಲಿ ಓಡಿಸಿ ನೋಡಿ
ಅಂಕ ಕೊಟ್ಟಿದ್ದಾರಂತೆ.
ಮೊಯ್ದು ಬೋಂಡಾ ಮುರಿಯುತ್ತ ಕೇಳಿದ:
ಲಿಂಗಪ್ಪಣ್ಣ, ನಿಮ್ಮನ್ನು ಯಾಕೆ ಕರೆಯಲಿಲ್ಲ?

ಕರೆಯಬೇಕಿತ್ತು, ನಿಜ.
ಇಪ್ಪತ್ತಾರು ವರ್ಷ ಈ ಘಾಟಿಯಲ್ಲಿ
ನಾನು ನೋಡಿದ್ದೆಲ್ಲ ಕಾರಿನ ಹೊಟ್ಟೆ.
ಬಾಗಿಲು ಮುಚ್ಚುವ ಸದ್ದಿಗೆ ಅವರು ಕಿವಿಗೊಡುತ್ತಾರೆ.
ನನಗೆ, ಅದು ತೆರೆಯುತ್ತದೆಯೇ,
ತಲೆಕೆಳಗಾದ ಮೇಲೆ, ಹಾರೆ ಹಾಕಿದರೆ,
ತೆರೆಯುತ್ತದೆಯೇ.
ಬಣ್ಣಕ್ಕೆ ಅಂಕ ಕೊಟ್ಟರೆ ಒಂದೇ ಕಾರಣಕ್ಕೆ:
ಕತ್ತಲಲ್ಲಿ ಟಾರ್ಚಿಗೆ ಸಿಗಬೇಕು.
ಒಂದು ಬೂದಿ ಬಣ್ಣದ್ದನ್ನು ಹುಡುಕುವಷ್ಟರಲ್ಲಿ
ಬೆಳಗಾಗಿತ್ತು.

ಆ ಕಾರಿನ ಬಾಗಿಲು ಇವತ್ತಿಗೂ ನನ್ನ ಶೆಡ್ಡಿನಲ್ಲಿದೆ.
ಕತ್ತರಿಸಿ ತೆಗೆದದ್ದು. ತಡವಾಗಿ.
ಅದರ ಮೇಲೆ ನಟ್ಟು ಬೋಲ್ಟು ಹರಡಿಟ್ಟಿದ್ದೇನೆ.
ಅದಕ್ಕೂ ಯಾವುದೋ ವರ್ಷದ ಪ್ರಶಸ್ತಿ ಬಂದಿತ್ತು.

ಟೀವಿಯ ಮದುಮಗಳು ಕೊಡಗಿಗೆ ಬರಲು
ಒಂದು ವರ್ಷ ಹಿಡಿಯಿತು.
ಮಡಿಕೇರಿಯಿಂದ ದೇವರಕೊಲ್ಲಿಯ ತಿರುವಿಗೆ ಅರ್ಧ ಗಂಟೆ.
ಮೂವತ್ತಡಿ ಕೆಳಗೆ
ಬೈನೆಮರವೊಂದು ಸೊಂಟಕ್ಕೆ ಕೈ ಕೊಟ್ಟು ಹಿಡಿದಿತ್ತು.
ಹಿಂದಿನ ಗಾಜಿನ ಮೇಲೆ ಪ್ರಶಸ್ತಿಯ ಚಿನ್ನದ ಚೀಟಿ
ಇನ್ನೂ ಕಿತ್ತಿರಲಿಲ್ಲ, ಸೀಟಿನ ಪ್ಲಾಸ್ಟಿಕ್ಕೂ.
ಬಂಪರಿನಲ್ಲಿ ಚೆಂಡುಹೂವಿನ ದಾರ.

ನಾಲ್ವರಿದ್ದರು. ನಾಲ್ವರೂ ಉಸಿರಾಡುತ್ತಿದ್ದರು.
ಗಾಳಿ ಇಳಿದ ಪೂರಿಗಳ ಹಾಗೆ ಬಿಳಿ ಚೀಲಗಳು,
ನಡುವೆ ಒಬ್ಬ ಅಜ್ಜಿ,
ಒಂದು ಚಪ್ಪಲಿ ಕಳೆದದ್ದಕ್ಕೆ ಮಗನನ್ನು ಬೈಯುತ್ತ.
ಹಿಂದಿನ ಎಡ ಬಾಗಿಲು
ಕಿರುಬೆರಳಿಗೆ ತೆರೆದುಕೊಂಡಿತು.
ನನ್ನ ಕೈ ನಡುಗಿತು. ಅಭ್ಯಾಸವಿಲ್ಲ, ನೋಡಿ.

ಆಂಬುಲೆನ್ಸ್ ಹೋಯಿತು. ಮಂಜು ಇಳಿಯಿತು.
ವಯರ್ ರೋಪು ಬಿಗಿದೆವು.
ಸ್ಟೇರಿಂಗು ನೇರ ಹಿಡಿಯಲು ಮೊಯ್ದು ಒಳಗೆ ಕೂತ,
ಕಾಲಲ್ಲಿ ಎರಡು ಜಿಗಣೆ ಹಾಗೇ ಇಟ್ಟುಕೊಂಡು.
ಕೂತದ್ದೇ, ಕಾರು ಮಾತಾಡಿತು,
ಹೆಣ್ಣು ದನಿ, ಇಂಗ್ಲಿಷು, ಬಲು ಮರ್ಯಾದೆ:
ದಯವಿಟ್ಟು ಬೆಲ್ಟ್ ಹಾಕಿಕೊಳ್ಳಿ.
ಮೂತಿ ಒಡೆದಿದೆ, ಎಣ್ಣೆ ಸೋರುತ್ತಿದೆ,
ಒಂದು ಚಕ್ರ ಆಗಲೇ ಹೊಳೆಗೆ ಉರುಳಿದೆ.
ಆದರೂ ಮತ್ತೆ, ದಯವಿಟ್ಟು.

ಏನೋ ಅದು ಗಲಾಟೆ, ಎಂದು ಮೇಲಿಂದ ಕೂಗಿದೆ.
ಉತ್ತರವಿಲ್ಲ.
ಟಾರ್ಚು ಬಿಟ್ಟರೆ, ಮೊಯ್ದು,
ಘಾಟಿಯಲ್ಲಿ ಲಾರಿ ಟಾಪಿನ ಮೇಲೆ ಮಲಗಿ ಬರುವವನು,
ಪಟ್ಟಿ ಎಳೆದು, ಗೂಡು ಹುಡುಕಿ, ಟಿಕ್ಕೆನ್ನಿಸಿ
ಕೈಯೆತ್ತಿದ:
ಹ್ಞಾಂ, ಈಗ ಎಳೆಯಿರಿ.