ಹಸಿರು ಕಲೆ

ಕಾತ್ರಜ್ ಸುರಂಗದ ಹೊತ್ತಿಗೆ ಮುಳ್ಳು ಕೆಂಪಿಗೆ.
ಸ್ವಾರಗೇಟಿನವರೆಲ್ಲ ಅಂದರು:
ರೇಡಿಯೇಟರ್ ಹೋಯಿತು, ಎಂಟು ಸಾವಿರ.

ಸಿಂದಗಿಯ ಲಾಡ್ಲೇಸಾಬ ಬೀಡಿ ಆರಿಸಿ
"ಆರಲಿ ತಡಿ, ಬಿಸಿ ಇದ್ದಾಗ ಮುಚ್ಚಳ ಮುಟ್ಟಬ್ಯಾಡ" ಎಂದು
ಟೈರಿನ ಮೇಲೆ ಕೂತ. ಚಹಾ ಬಂತು, ಹೋಯಿತು.

ಆಮೇಲೆ ಕತ್ತಿನ ಸುತ್ತ ಉಗುರಾಡಿಸಿದ:
ಉಪ್ಪಿನಂಥ ಬಿಳಿ ಹೊಪ್ಪಳಿಕೆ.
ನಿನ್ನೆಯ ಮರಾಠಿ ಪೇಪರು ಹರಿದು
ದಾರ ಬಿಗಿದು ಸುತ್ತಿದ.
"ಘಾಟ್ ಹತ್ತಿ ಇಳಿದು ಬಾ."

ಬಂದೆ.
ವಧೂವರರ ಕಾಲಮ್ಮಿನಲ್ಲಿ
ಮೂವತ್ತೆರಡರ ಬ್ಯಾಂಕ್ ನೌಕರನ ಮೇಲೆ
ಒಂದೇ ಮಗ್ಗುಲಿಗೆ ಹಸಿರು ಕಲೆ.

ಇನ್ನೊಂದು ಚಹಾ. ಆಮೇಲೇ ಮುಚ್ಚಳ ತಿರುವಿದ:
ರಬ್ಬರು, ಬಿರುಕು ಬಿಟ್ಟ ಹಿಮ್ಮಡಿ.
"ತಣ್ಣಗಿದ್ದಾಗ ಎಲ್ಲಾ ಗಟ್ಟೀನ.
ಏರು ಬಂದಾಗ ನೋಡಬೇಕು."

ನೂರಾ ಎಂಬತ್ತು ರೂಪಾಯಿ.
ಹಳೆಯ ಮುಚ್ಚಳ ಡ್ಯಾಶ್‌ಬೋರ್ಡಿನ ಮೇಲಿದೆ;
ಸ್ಪ್ರಿಂಗಿನ ನಡುವೆ ಊದುಬತ್ತಿ ಸಿಗಿಸುತ್ತೇನೆ.