ಕೆಂಪು ಸುತ್ತು

ಗಂಗಾವತಿ ಬಸ್‌ಸ್ಟ್ಯಾಂಡಿನ ಹಿಂದೆ, ಝೆರಾಕ್ಸ್ ಅಂಗಡಿಯ ಮೇಲೆ
ನಮ್ಮ ಲ್ಯಾಬು.
ಮಷಿನ್ನು ಎರಡು ಸಲವೂ ಅದನ್ನೇ ಹೇಳಿತು:
ಅಮೈಲೇಸ್ ಆರುನೂರಾ ನಲವತ್ತು.
ಇರಬೇಕಾದ್ದು ನೂರರ ಆಸುಪಾಸು.
ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ,
ಅದು ಹೋಗಿ ಪರಸಪ್ಪ ಭಜಂತ್ರಿಯ ಕೊರಳಿಗೆ ಬಿತ್ತು.

'ಎಷ್ಟು ವರ್ಷದಿಂದ ಕುಡೀತಿ?'
ಡಾಕ್ಟರು ತಲೆ ಎತ್ತಲಿಲ್ಲ.
'ಚಾ ಏನ್ರೀ?' ಅಂದ.
ಅಲ್ಲಿದ್ದವರು ನಕ್ಕರು, ನೀಲವ್ವ ನಗಲಿಲ್ಲ.
ಹೊಲಿಗೆ ಮಷಿನ್ನಿನ ಡ್ರಾಯರು, ಸನಾದಿಯ ಚೀಲ, ಅಕ್ಕಿ ಡಬ್ಬಿ
ಎಲ್ಲ ತಡಕಿದಳಂತೆ ಬಾಟಲಿಗಾಗಿ.
ಸಿಗಲಿಲ್ಲವೆಂದು ಇನ್ನಷ್ಟು ಸಿಟ್ಟು.
ಹದಿನೆಂಟು ವರ್ಷದ ಸಂಸಾರಕ್ಕಿಂತ
ನನ್ನ ಪ್ರಿಂಟರಿನ ಅರ್ಧ ಹಾಳೆ ತೂಕವಾಯಿತು.

ಸ್ಕ್ಯಾನಿಗೆಂದು ಬಳ್ಳಾರಿಗೆ ಹೋಗಿಬಂದ,
ಮೂರು ಲಗ್ನದ ಮುಂಗಡ ಅಲ್ಲೇ ಕರಗಿತು.
ಮೇದೋಜೀರಕ
(ಓದುವಾಗ ನನಗೂ ನಾಲಿಗೆ ತೊಡರುತ್ತದೆ)
ಎಳೆಸೌತೆಯ ಹಾಗೆ, ಕಲೆಯಿಲ್ಲ.
ಲೈಪೇಸೂ ತಣ್ಣಗೆ ತನ್ನ ಗೆರೆಯೊಳಗೆ.
ಮತ್ತೆ ಈ ರಸ ಒಸರುವುದೆಲ್ಲಿಂದ?

ಮೂರನೇ ಸಲ ರಕ್ತ ಕೊಡಲು
ಕಾರಟಗಿಯ ಹಂದರದಿಂದ ನೆಟ್ಟಗೆ ಬಂದ,
ಅಂಗಿಯ ಮೇಲೆ ಅಕ್ಷತೆ,
ಕಿವಿಯ ಕೆಳಗೆ ಎರಡೂ ಕಡೆ ಕೋಳಿಮೊಟ್ಟೆಯಷ್ಟು ಬಾವು.
'ಹಲ್ಲುನೋವಾ?'
'ಅಲ್ರೀ ಅಕ್ಕಾ, ಲಗ್ನದ ದಿನದಾಗ ಹಿಂಗ ಆಗತೈತಿ.
ಊದಿದ್ದು ಒಂದೀಟು ಒಳಗ ಉಳೀತೈತಿ.'
ಗ್ಲೌಸಿನ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದೆ.
ಚರಚರ.
ಮಂಡಾಳು ಹಿಡಿಯಲ್ಲಿ ಹಿಸುಕಿದ ಸದ್ದು.
ಗಾಳಿ!

ಜೋಳದ ರೊಟ್ಟಿ ಅಗಿದಷ್ಟೂ ಸಿಹಿಯಾಗುತ್ತದಲ್ಲ,
ಅದು ಇದೇ ಅಮೈಲೇಸಿನ ಕೆಲಸ, ಎಂಜಲಿನದು.
ಹೊಟ್ಟೆಯನ್ನಷ್ಟೇ ಬೈದಿದ್ದೆವು ನಾವು.
ಉಸಿರು ಕಡಿಯದ ಹಾಗೆ ಗಲ್ಲವನ್ನೇ ತಿದಿ ಮಾಡಿದವನ
ಗಾಳಿ ಹಿಮ್ಮುಖವಾಗಿ ಲಾಲಾರಸದ ಓಣಿ ಹೊಕ್ಕು
ಗ್ರಂಥಿಯನ್ನು ತುಳುಕಿಸುತ್ತಿತ್ತು ರಕ್ತಕ್ಕೆ.

ಕಿವಿ ಮೂಗಿನ ಡಾಕ್ಟರಮ್ಮ ಹೂಂ ಅಂದರು.
ಹದಿನೈದು ದಿನ ಊದಬಾರದು.
ಅಷ್ಟರಲ್ಲಿ ಏಳು ಲಗ್ನ ಹೋದವು,
ಏಳಕ್ಕೂ ಸ್ಪೀಕರಿನಲ್ಲಿ ರೆಕಾರ್ಡು ಹಾಕಿದರು.

ತೊಂಬತ್ತೆರಡು.
ಆ ಹಾಳೆ ಒಯ್ಯಲು ನೀಲವ್ವ ಒಬ್ಬಳೇ ಬಂದಳು.
ಹಳೆಯದನ್ನೂ ತಂದಿದ್ದಳು, ಎಂಟು ಮಡಿಕೆ,
ಮಡಿಕೆ ಬಿಚ್ಚಿ ಕೇಳಿದಳು:
'ಈ ಕೆಂಪು ಅಳಿಸಾಕ ಬರ್ತೈತೇನ್ರೀ?'
ಬರಲಿಲ್ಲ. ಉಜ್ಜಿದ್ದಕ್ಕೆ ಹಾಳೆ ಹರಿಯಿತು.

ಈಗ ಮತ್ತೆ ಊದುತ್ತಾನೆ, ನಡುನಡುವೆ ತಡೆದು.
ಮದ್ಯ, ಮಾತ್ರೆ, ಉಪವಾಸ ಎಂದು ಕೇಳುವ ನಮ್ಮ ಫಾರಮ್ಮಿನ ತಳಕ್ಕೆ
ನಾನೇ ನೀಲಿ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದೇನೆ:
ಕೆಲಸ ಏನು?
ಮಾಲೀಕರು ಇನ್ನೂ ನೋಡಿಲ್ಲ.