ನಲವತ್ತೆರಡನೇ ಮನೆ

ಬೆಳಿಗ್ಗೆಯಿಂದ ನಲವತ್ತೊಂದು ಮನೆ.
ಡ್ರಮ್ಮು, ತೊಟ್ಟಿ, ಫ್ರಿಜ್ಜಿನ ಬೆನ್ನಿನ ತಟ್ಟೆ,
ಗ್ಯಾರೇಜಿನ ಹಿಂದಿನ ಟೈರಿನ ಗುಡ್ಡೆ,
ಎಲ್ಲದರೊಳಗೂ ಟಾರ್ಚು ಬಿಟ್ಟು ಇಣುಕಿದ್ದೇನೆ.
ತಲೆಕೆಳಗಾಗಿ ತೂಗುವ ಸೊಳ್ಳೆಮರಿಗಳನ್ನು
ನೆಲಕ್ಕೆ ಚೆಲ್ಲಿಸಿ ಬೈಸಿಕೊಂಡಿದ್ದೇನೆ:
"ನಲ್ಲಿ ಬಿಟ್ಟು ಎಂಟು ದಿನ ಆತು ಕಣಮ್ಮಾ,
ನೀನು ತಂದು ತುಂಬ್ತೀಯಾ?"

ಬುತ್ತಿ ಬಿಚ್ಚಲು ಜೋಗಿಮಟ್ಟಿ ದಾರಿಯ ಬಂಡೆಗೆ ಬಂದೆ.
ಮಳೆ ನಿಂತು ಹದಿನೈದು ದಿನವಾದರೂ
ಬಂಡೆಯ ಬುಡ ಇನ್ನೂ ಜಿನುಗುತ್ತಿತ್ತು,
ಚಪ್ಪಲಿ ಇಟ್ಟರೆ ಪಿಚಕ್ಕೆನ್ನುವ ಜೌಗು.
ಅಲ್ಲಿ, ಎಂಟಾಣೆಯಗಲ, ಕೆಂಪಗೆ
ನೆಲ ಕಚ್ಚಿ ಕೂತಿತ್ತು.
ನಡುಮಧ್ಯಾಹ್ನ; ಹುಲ್ಲಿನ ಇಬ್ಬನಿ ಯಾವಾಗಲೋ ಆರಿದೆ.
ಇದರ ಒಂದೊಂದು ರೋಮದ ತುದಿಗೂ ಹನಿ.
ಬೆರಳಿಟ್ಟರೆ ನೂಲೆಳೆಯುತ್ತದೆ,
ಒಂದೆಳೆ ಪಾಕದ ಹಾಗೆ.

ಒಂದು ಹನಿಯಲ್ಲಿ ಸೊಳ್ಳೆ.
ರೆಕ್ಕೆ ಮುರಿದಿಲ್ಲ, ಕಾಲೊಂದು ಇನ್ನೂ ಆಡುತ್ತಿತ್ತು.
ಸುತ್ತಲ ರೋಮಗಳು
ಜ್ವರದ ಕೂಸಿನ ಹಣೆಗೆ ಬಾಗುವ ಮನೆಮಂದಿಯಂತೆ
ಅವಸರವಿಲ್ಲದೆ ಬಾಗುತ್ತಿದ್ದವು.
ಅರೆಗೇಣು ಮೇಲೆ, ದಾರದಂಥ ದಂಟಿನ ತುದಿಗೆ
ಬಿಳಿ ಹೂ, ತನಗೇನೂ ಗೊತ್ತಿಲ್ಲವೆಂಬಂತೆ.
ನೆಂಟರು ಬರುವ ಬಾಗಿಲು ಮೇಲೆ,
ಒಲೆ ಕೆಳಗೆ.

"ನುಸಿನುಂಗಿ ಅಂತೀವಿ, ಮೇಕೆ ಮೂಸಾದಿಲ್ಲ"
ಅಂದ, ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಪಾಲಯ್ಯ.

ಹೋದ ವರ್ಷ ಒಂದನ್ನು ಕಿತ್ತೊಯ್ದಿದ್ದೆ.
ಹೇಳಿದರೆ ನಗುತ್ತೀರಿ: ಬೆಳೆಸಿ ಮನೆಮನೆಗೊಂದು ಕೊಟ್ಟರೆ
ನನ್ನ ತಿರುಗಾಟ ಹಗುರಾದೀತು ಅಂತ.
ಮೊಸರಿನ ಕಪ್ಪಿಗೆ ಎರೆಮಣ್ಣು,
ಅತ್ತೆ ಜರಡಿ ಹಿಡಿದ ತಿಪ್ಪೆಗೊಬ್ಬರ,
ಎರಡು ಹೊತ್ತು ಬೋರಿನ ನೀರು,
ಇದ್ದದ್ದರಲ್ಲಿ ಒಳ್ಳೆಯದನ್ನೇ ಹಾಕಿದೆ.
ಮೂರನೇ ದಿನ ಹನಿ ಬತ್ತಿತು.
ಒಂಬತ್ತನೇ ದಿನ ಕರ್ರಗಾಯಿತು, ಉರಿದ ಬತ್ತಿಯ ಹಾಗೆ.
ಸಾಯುವವರೆಗೂ ಒಂದು ಸೊಳ್ಳೆ ಮುಟ್ಟಲಿಲ್ಲ.

ಹೊಟ್ಟೆ ತುಂಬಿಸಿ ಕೊಂದೆ.

ಈ ಬಂಡೆಯ ನೀರಿಗೆ ಉಪ್ಪಿಲ್ಲ, ಸಾರವಿಲ್ಲ;
ಮಣ್ಣೆಂದರೆ ಉಗುರಿನಷ್ಟು ಮರಳು.
ಕೊಡಲು ಏನೂ ಇಲ್ಲದ ನೆಲ,
ಕೇಳುವುದನ್ನೇ ಬಿಟ್ಟ ಬೇರು.
ಅವರಿಬ್ಬರ ನಡುವೆ ಎಂದೋ ಆದ ಮಾತು ಅದು.
ನಾನು ಪುಸ್ತಕ ಹಿಡಿದು, ಗುರುತಿನ ಚೀಟಿ ತೂಗುಹಾಕಿ
ನಡುವೆ ಹೋದೆ.

ಈ ಸಲ ಮುಟ್ಟಲಿಲ್ಲ.
ಕೊನೆಯ ರೊಟ್ಟಿ ಚೂರು ನುಂಗಿ, ಕೈ ಸೆರಗಿಗೊರೆಸಿ
ಚೀಲದಿಂದ ಸೀಮೆಸುಣ್ಣ ತೆಗೆದೆ.
ಬಾಗಿಲ ಚೌಕಟ್ಟಿಗೆ ಬರೆಯುವ ಹಾಗೇ ಬಂಡೆಗೆ ಬರೆದೆ:
ತಾರೀಖು. ಮನೆ ನಲವತ್ತೆರಡು.
ನಿಂತ ನೀರು: ಇದೆ.
ಮರಿ: ಇಲ್ಲ.

ಸಹಿ ಹಾಕುವಾಗ ನುಸಿಯೊಂದು
ಕಿವಿಯ ಹತ್ತಿರ ಗುಂಯ್ಗುಟ್ಟಿ ಕೆಳಗಿಳಿಯಿತು.
ತಿರುಗಿ ನೋಡಲಿಲ್ಲ.
ಉಣ್ಣುವ ಹೊತ್ತಲ್ಲಿ
ಯಾರ ಮನೆಯೊಳಗೂ ಇಣುಕಬಾರದು.